ಪೇಟ ಬಂತು, ದಾರಿ ಬಿಡಿ

ಬಹಳ ಹಿಂದೆ, ಅಂದರೆ ನಿಮ್ಮೂರಿನ ರಸ್ತೆಗೆ ಕೊನೆಯ ಸಲ ಡಾಂಬರು ಬಿದ್ದ ಕಾಲಕ್ಕಿಂತಲೂ ಹಿಂದೆ, ಆಗಲಿಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸರ್ವಾನುಮತ ಭೂಪಾಲರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ, ಸಿಂಹಾಸನದ ಮೇಲೆ ಕುಳಿತು, ಯಾರು ಏನು ಬಿನ್ನವಿಸಿಕೊಂಡರೂ ಕೇಳಿಸಿಕೊಂಡು, ಕೊನೆಗೆ "ಆಗಲಿ" ಎನ್ನುತ್ತಿದ್ದರು. ಕೆರೆ ಕಟ್ಟಿಸಬೇಕು ಎಂದರೆ ಆಗಲಿ. ಅದೇ ಕೆರೆಯನ್ನು ಮುಚ್ಚಿಸಬೇಕು ಎಂದರೂ ಆಗಲಿ. ಇದರಿಂದಾಗಿ ರಾಜ್ಯದಲ್ಲಿ ಭಿನ್ನಾಭಿಪ್ರಾಯವೆಂಬ ರೋಗವೇ ಇರಲಿಲ್ಲ. ಕೆರೆಗಳೂ ಹೆಚ್ಚಿರಲಿಲ್ಲ.

ರಾಜ್ಯವನ್ನು ಸೀಮೆಗಳಾಗಿ ವಿಂಗಡಿಸಲಾಗಿತ್ತು. ಸೀಮೆಗೊಬ್ಬ ಸೀಮಾಧ್ಯಕ್ಷ. ರಾಜರು ಹುಟ್ಟಿನಿಂದ ರಾಜರು, ಮಂತ್ರಿಗಳು ರಾಣಿಯ ತವರಿನಿಂದ ಮಂತ್ರಿಗಳು. ಸೀಮಾಧ್ಯಕ್ಷನೊಬ್ಬನನ್ನು ಮಾತ್ರ ಪ್ರಜೆಗಳೇ ಕೈಯೆತ್ತಿ ಆರಿಸಬೇಕು. ಪ್ರಜಾಸತ್ತೆ ಅಷ್ಟಾದರೂ ಇರಲಿ ಎಂದು ಯಾರೋ ಬಿನ್ನವಿಸಿದ್ದರು, ಮಹಾರಾಜರು ಎಂದಿನಂತೆ ಒಪ್ಪಿದ್ದರು.

ಈ ಕಥೆ ಹೊಂಗೆಸೀಮೆಯದು. ಅಲ್ಲಿಯ ಜನ ಒಳ್ಳೆಯವರು. ಅವರ ಬಳಿ ಇದ್ದದ್ದು ಒಂದೇ ಅಳತೆಗೋಲು. ಒಬ್ಬ ಮನುಷ್ಯ ಎಂಥವನೆಂದು ತಿಳಿಯಲು ಅವನು ಏನು ಮಾಡಿದನೆಂದು ಅವರು ಕೇಳುತ್ತಿರಲಿಲ್ಲ, "ಬಂದಿದ್ನಾ?" ಎಂದು ಕೇಳುತ್ತಿದ್ದರು. ಮದುವೆಗೆ ಬಂದಿದ್ನಾ? ಮಣ್ಣಿಗೆ ಬಂದಿದ್ನಾ? ತಿಥಿಗೆ? ನಾಮಕರಣಕ್ಕೆ? ಬಂದವನು ದೊಡ್ಡ ಮನುಷ್ಯ. ಬಾರದವನು ನಾಳೆ ಅಮೃತವನ್ನೇ ತಂದು ಬಾಯಿಗೆ ಬಿಟ್ಟರೂ, "ನಮ್ಮಜ್ಜಿ ಸತ್ತಾಗ ಮುಖ ತೋರಿಸ್ಲಿಲ್ಲ ಕಣಪ್ಪ" ಎಂದು ಅದನ್ನು ಉಗಿದುಬಿಡುವಷ್ಟು ಸ್ವಾಭಿಮಾನಿಗಳು.

ಇಂಥ ಸೀಮೆಯಲ್ಲಿ ದ್ಯಾವಣ್ಣನೆಂಬವನು ಶಾಮಿಯಾನ ಬಾಡಿಗೆಗೆ ಕೊಡುವ ಕಸುಬು ಮಾಡಿಕೊಂಡಿದ್ದ. ಮದುವೆಯಾದರೂ ಸಾವಾದರೂ ನೆರಳು ಬೇಕಲ್ಲ. ಹಾಗಾಗಿ ಯಾವ ಮನೆಯಲ್ಲಿ ಏನು ನಡೆದರೂ ನೆಂಟರಿಗಿಂತ ಮೊದಲು ದ್ಯಾವಣ್ಣನ ಗೂಟ ಅಂಗಳದಲ್ಲಿ ಊರಿರುತ್ತಿತ್ತು. ಗೂಟ ಹೊಡೆದು ಸುಮ್ಮನೆ ಹೋಗುವ ಆಸಾಮಿ ಅಲ್ಲ ಅವನು. ಮದುವೆಯಾದರೆ ನಿಂತು ಅಕ್ಷತೆ ಹಾಕುವನು, ಸಾವಾದರೆ ಚಟ್ಟಕ್ಕೆ ಹೆಗಲು ಕೊಟ್ಟು ಗೊಳೋ ಎಂದು ಅಳುವನು. ಆ ಅಳು ಸುಳ್ಳಲ್ಲ. ಯಾರು ಸತ್ತರೂ ಅವನಿಗೆ ನಿಜವಾಗಿಯೇ ಕರುಳು ಹಿಂಡಿದಂತಾಗುತ್ತಿತ್ತು. ಸತ್ತವರು ಯಾರೆಂದು ಆಮೇಲೆ ವಿಚಾರಿಸಿಕೊಳ್ಳುತ್ತಿದ್ದ.

ಆಗ ಸೀಮಾಧ್ಯಕ್ಷನಾಗಿದ್ದವನು ಕರಿಗಿರಿಯಪ್ಪ. ಈತನಿಗೆ ಕೆಲಸ ಮಾಡುವ ಚಟವಿತ್ತು. ಸೀಮೆಗೆಲ್ಲ ನೀರುಣಿಸುತ್ತಿದ್ದ ಹಿರೀಕೆರೆಯ ತೂಬು ಬಿರುಕುಬಿಟ್ಟು ನೀರೆಲ್ಲ ಸೋರಿಹೋಗುತ್ತಿತ್ತು. ಕರಿಗಿರಿಯಪ್ಪ ಪಂಚೆ ಎತ್ತಿಕಟ್ಟಿ, ಗಾರೆಯವರ ಜೊತೆ ತಾನೂ ತೂಬಿನೊಳಗೆ ಇಳಿದು ಕೂತಿದ್ದ. ಚುನಾವಣೆ ಬಂತು. ಅರಳಿಕಟ್ಟೆಯ ಸಭೆಗೆ ಅವನು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡೇ ಬಂದ.

ನಂಜೇಗೌಡನೆಂಬ ಮತದಾರ ಎದ್ದು ನಿಂತು ಕೇಳಿದ: "ಅಧ್ಯಕ್ಷರೇ, ಒಂದ್ ಮಾತು. ನಮ್ಮಪ್ಪ ತೀರ್ಕೊಂಡಾಗ ನೀವೆಲ್ಲಿದ್ರಿ?"

"ತೂಬಿನೊಳಗಿದ್ದೆ ಕಣಪ್ಪ. ಅವತ್ತು ಬಿಟ್ಟು ಬಂದಿದ್ರೆ ಕೆರೆ ಪೂರಾ ಬರಿದಾಗ್ತಿತ್ತು."

"ಕೆರೆ ಮುಂದಿನ್ ಮಳೆಗೆ ತುಂಬ್ತದೆ. ನಮ್ಮಪ್ಪ ಇನ್ನೊಂದ್ಸಲ ಸಾಯ್ತಾನಾ?"

ಸಭೆಗೆ ಈ ಮಾತಿನ ತೂಕ ಗೊತ್ತಾಯಿತು. ಅಷ್ಟರಲ್ಲಿ ಯಾರೋ, "ದ್ಯಾವಣ್ಣ ಬಂದಿದ್ದ, ನನ್ನ ಕಣ್ಣಾರೆ ನೋಡಿವ್ನಿ, ಗೌಡನಿಗಿಂತ ಜಾಸ್ತಿ ಅತ್ತ" ಎಂದರು. ಅಷ್ಟೇ ಸಾಕಾಯಿತು. ಸಭೆಗೆ ಶಾಮಿಯಾನ ಕಟ್ಟಲು ಬಂದಿದ್ದ ದ್ಯಾವಣ್ಣ ಏಣಿಯ ಮೇಲೆ ನಿಂತಿದ್ದಂತೆಯೇ ಸೀಮಾಧ್ಯಕ್ಷನಾಗಿ ಆಯ್ಕೆಯಾದ. ಇಳಿದು ಬರುವಷ್ಟರಲ್ಲಿ ಕೊರಳಿಗೆ ಹಾರ ಬಿದ್ದಿತ್ತು.

ರಾಜಧಾನಿಯಲ್ಲಿ ಪ್ರಮಾಣವಚನವಾಯಿತು. ಸರ್ವಾನುಮತ ಭೂಪಾಲರು ತಮ್ಮ ಅಮೃತಹಸ್ತದಿಂದ ಅವನ ತಲೆಯ ಮೇಲೆ ಜರಿಪೇಟವನ್ನಿಟ್ಟರು. ಸೀಮೆಗೊಂದೇ ಪೇಟ, ಇನ್ನೊಂದನ್ನು ಹೊಲಿಸಿಕೊಂಡರೆ ರಾಜದ್ರೋಹ. ದ್ಯಾವಣ್ಣ ಊರಿಗೆ ಮರಳಿ ಮೊದಲ ಪರಿಶೀಲನಾ ಸಭೆಯಲ್ಲೇ ತೂಬಿನ ವಿಷಯ ಕೈಗೆತ್ತಿಕೊಂಡು, ಅರೆಬರೆ ರಿಪೇರಿಯಾಗಿದ್ದ ಬಿರುಕಿಗೆ ತನ್ನ ಒಂದು ಹಳೇ ಶಾಮಿಯಾನದ ಬಟ್ಟೆ ತುರುಕಿಸಿದ. ಕಡತದಲ್ಲಿ ಇದನ್ನು ತಾತ್ಕಾಲಿಕ ವ್ಯವಸ್ಥೆ ಎಂದು ನಮೂದಿಸಲಾಯಿತು. ಆಗಲಿಪುರದಲ್ಲಿ ತಾತ್ಕಾಲಿಕ ವ್ಯವಸ್ಥೆಗಿಂತ ಶಾಶ್ವತವಾದದ್ದು ಬೇರೆ ಇರಲಿಲ್ಲ.

ಸಂತೋಷಪಡದಿದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಚಿಕ್ಕತಾಯಮ್ಮ, ಇನ್ನೊಬ್ಬಳು ಒಬ್ಬಳೇ ಮಗಳು ಚೆಲುವಿ. ಊರವರ ಸಮಾರಂಭವೊಂದನ್ನೂ ತಪ್ಪಿಸದ ದ್ಯಾವಣ್ಣ, ತನ್ನ ಮನೆಯದೊಂದಕ್ಕೂ ಸಿಕ್ಕಿರಲಿಲ್ಲ. ಚೆಲುವಿಯ ನಾಮಕರಣದ ದಿನ ಯಾರದೋ ಬೀಗರೂಟಕ್ಕೆ ಚಪ್ಪರ ಹಾಕುತ್ತಿದ್ದ. ಅಕ್ಷರಾಭ್ಯಾಸದ ದಿನ ಯಾರದೋ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ಅವಳಿಗೆ ವಿಷಮಜ್ವರ ಬಂದು ಮೂರು ವಾರ ಮಲಗಿದ್ದಾಗ ಊರ ಕಾಯಿಲೆಯವರನ್ನೆಲ್ಲ ನೋಡಿಕೊಂಡು ಬಂದು, ಸುಸ್ತಾಗಿ, ಇವಳ ಪಕ್ಕದ ಕೋಣೆಯಲ್ಲಿ ಮಲಗಿಬಿಟ್ಟಿದ್ದ.

ಪೇಟ ಇಟ್ಟುಕೊಂಡು ಮನೆಗೆ ಬಂದ ದಿನ ಚಿಕ್ಕತಾಯಮ್ಮ ಆರತಿಯನ್ನೇನೋ ಎತ್ತಿದಳು, ತಟ್ಟೆ ಕೆಳಗಿಟ್ಟು, "ಇಷ್ಟು ದಿನ ಅರ್ಧ ಊರು ತಿರುಗ್ತಿದ್ರಿ. ಇನ್ಮೇಲೆ ಪೂರಾ ಸೀಮೆ. ನಮಗೆ ನಿಮ್ಮ ಮುಖ ನೋಡ್ಬೇಕಾದ್ರೆ ಯಾರಾದ್ರೂ ಸಾಯ್ಬೇಕೇನೋ" ಎಂದಳು.

ದ್ಯಾವಣ್ಣನಿಗೆ ಚುರುಕ್ಕೆಂದಿತು. ಮಗಳನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟ. "ನೋಡವ್ವ, ಹೋಗಿದ್ದು ಹೋಯ್ತು. ನಿನ್ನ ಮದ್ವೆಗೆ ಮಾತ್ರ ಆಕಾಶ ಕಳಚಿ ಬಿದ್ರೂ ನಾನು ಎಲ್ಲೂ ಹೋಗಲ್ಲ. ನನ್ ಕೈಯಾರೆ ನಿನ್ನ ಧಾರೆ ಎರೀತೀನಿ."

"ಬರ್ತೀಯಾ ಅಪ್ಪ?" ಎಂದಳು ಚೆಲುವಿ. ಹೊಂಗೆಸೀಮೆಯ ಹುಡುಗಿಯಲ್ಲವೇ, ಅವಳಿಗೂ ಅದೊಂದೇ ಬೇಕಾಗಿತ್ತು.

ಇನ್ನು ಆಪ್ತ ಕಾರ್ಯದರ್ಶಿ ಓಬಳಯ್ಯನವರ ವಿಷಯ. ಇವರು ಕುರ್ಚಿಯ ಜೊತೆಗೆ ಬಂದವರು. ಅಧ್ಯಕ್ಷರು ಬದಲಾಗುತ್ತಿದ್ದರು, ಕುರ್ಚಿಯ ಮೆತ್ತೆ ಬದಲಾಗುತ್ತಿತ್ತು, ಓಬಳಯ್ಯನವರು ಬದಲಾಗುತ್ತಿರಲಿಲ್ಲ. ಪ್ರಭುಗಳು ಸೀನಿದರೆ "ಸೀಮೆಯ ಆರೋಗ್ಯ ಕ್ಷೇತ್ರದಲ್ಲೇ ಇದು ಐತಿಹಾಸಿಕ" ಎಂದು ಪತ್ರಿಕಾ ಪ್ರಕಟಣೆ ಹೊರಡಿಸುವಷ್ಟು ಕರ್ತವ್ಯನಿಷ್ಠರು.

ಅಧ್ಯಕ್ಷನಾದ ಮೇಲೆ ದ್ಯಾವಣ್ಣನಿಗೆ ಆಹ್ವಾನಗಳು ಮಳೆಗಾಲದ ಹುಳುಗಳಂತೆ ಮುತ್ತಿಕೊಂಡವು. ಒಂದು ಮನೆಯ ನಾಮಕರಣ ಮುಗಿಸಿ ಇನ್ನೊಂದು ಮನೆಯ ಮಣ್ಣಿಗೆ ಓಡುವಷ್ಟರಲ್ಲಿ ಅಲ್ಲಿ ಗುಂಡಿ ಮುಚ್ಚಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. "ಎಲ್ಲ ಮುಗಿದ್ಮೇಲೆ ಬಂದ" ಎಂಬ ಮಾತು ಅಲ್ಲೊಂದು ಇಲ್ಲೊಂದು ಕಿವಿಗೆ ಬೀಳತೊಡಗಿತು. ದ್ಯಾವಣ್ಣ ಊಟ ಬಿಟ್ಟ. ಕರಿಗಿರಿಯಪ್ಪನ ಕೆಸರುಗಾಲು ಕನಸಿನಲ್ಲಿ ಬಂತು.

"ನಾನು ತಡ ಮಾಡ್ತಾ ಇದೀನಿ ಓಬಳಯ್ಯ" ಎಂದು ಅವನು ಪೇಚಾಡಿಕೊಂಡಾಗ ಕಾರ್ಯದರ್ಶಿಗಳು ಕೈಮುಗಿದು, "ಪ್ರಭುಗಳು ಹಾಗೆನ್ನಬಾರದು. ತಾವು ತಡ ಮಾಡುತ್ತಿಲ್ಲ. ಜನರೇ ಬೇಗ ಮುಗಿಸುತ್ತಿದ್ದಾರೆ. ಇದೊಂದು ಅನುಷ್ಠಾನದ ಲೋಪ" ಎಂದರು.

ಲೋಪವನ್ನು ಸರಿಪಡಿಸಲು ಒಂದು ನಿರೂಪ ಸಿದ್ಧವಾಯಿತು. ಸೀಮಾಧ್ಯಕ್ಷರ ಘನ ಉಪಸ್ಥಿತಿ ಇಲ್ಲದೆ ಯಾವ ಕೂಸಿಗೂ ಹೆಸರಿಡತಕ್ಕದ್ದಲ್ಲ, ಯಾವ ವಧುವಿಗೂ ಧಾರೆ ಎರೆಯತಕ್ಕದ್ದಲ್ಲ, ಯಾವ ಶವವನ್ನೂ ಎತ್ತತಕ್ಕದ್ದಲ್ಲ. ಅಧ್ಯಕ್ಷರು ಆಗಮಿಸಿದ ಗಳಿಗೆಯನ್ನೇ ಶುಭಗಳಿಗೆಯೆಂದು ತಿಳಿಯತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ದ್ಯಾವಣ್ಣ ಓದಿ ನೋಡಿದ. ಅವನದು ಒಳ್ಳೆಯ ಮನಸ್ಸು, ಊರಿಗೊಂದು ನ್ಯಾಯ ತನಗೊಂದು ನ್ಯಾಯ ಎಂಬ ಮಾತು ಬರಬಾರದೆಂದು, "ಈ ಆದೇಶವು ದ್ಯಾವಣ್ಣನ ಮನೆಗೂ ಅನ್ವಯಿಸತಕ್ಕದ್ದು" ಎಂಬ ಸಾಲನ್ನು ತಾನೇ ಸೇರಿಸಿದ. ಓಬಳಯ್ಯನವರ ಕಣ್ಣು ತುಂಬಿ ಬಂತು. ಮಹಾರಾಜರು ಆಗಲಿ ಎಂದರು.

ಸೀಮೆ ಕಾಯತೊಡಗಿತು. ಮದುಮಕ್ಕಳು ಹಸೆಮಣೆಯ ಮೇಲೆ ಕೂತು ಅಲ್ಲೇ ತೂಕಡಿಸಿದರು. ಕೆಲವು ವರರಿಗೆ ಕಾಯುತ್ತಲೇ ಗಡ್ಡ ಬಂದು, ನೋಡಿದ ಹುಡುಗ ಇವನಲ್ಲವೆಂದು ಹೆಣ್ಣಿನ ಕಡೆಯವರು ತಗಾದೆ ತೆಗೆದರು. ಹೆಸರಿಲ್ಲದ ಮಕ್ಕಳು ಬೆಳೆದು ಶಾಲೆಗೆ ಸೇರಿ, ಹಾಜರಿ ಕೂಗುವಾಗ "ಏಯ್ ಇವನೇ" ಎಂದರೆ ತರಗತಿಯೇ ಎದ್ದು ನಿಲ್ಲುವಂತಾಯಿತು. ವಯಸ್ಸಾದವರು ಅಧ್ಯಕ್ಷರ ಪ್ರವಾಸ ಕಾರ್ಯಕ್ರಮವನ್ನು ನೋಡಿಕೊಂಡು ಸಾಯುವುದು ಒಳಿತೆಂದು ಹಿರಿಯ ನಾಗರಿಕರಿಗೆ ಸುತ್ತೋಲೆ ಹೋಯಿತು. ಕೆಲವರು ಪಾಲಿಸಿದರು, ಕೆಲವರು ಶಿಸ್ತಿಲ್ಲದೆ ನಡುವೆಯೇ ಸತ್ತರು. ಇತ್ತ ತೂಬಿನ ಬಟ್ಟೆ ಕೊಳೆತು ನೀರು ಸೋರುತ್ತಿತ್ತು. ಅದನ್ನು ನೋಡಲು ದ್ಯಾವಣ್ಣನಿಗೆ ಮನಸ್ಸಿತ್ತು, ಆದರೆ ತೂಬು ಯಾರನ್ನೂ ಆಹ್ವಾನಿಸಿರಲಿಲ್ಲ.

ಹೀಗಿರಲು ಒಂದು ದಿನ ಮೇಗಲಕೇರಿಯಲ್ಲಿ ಮದುವೆ, ಕೆಳಗಲಕೇರಿಯಲ್ಲಿ ಸಾವು. ಎರಡೂ ಮನೆ ದೊಡ್ಡ ಮನೆ. ಮನೆ ತುಂಬ ಎತ್ತುವ ಕೈಗಳು. ಯಾರನ್ನು ಕಾಯಿಸಿದರೂ ಕಷ್ಟ. ದ್ಯಾವಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಆ ಕೈಯ ಕೆಳಗಿದ್ದ ಪೇಟವನ್ನು ಓಬಳಯ್ಯನವರು ಸ್ವಲ್ಪ ಹೊತ್ತು ಭಕ್ತಿಯಿಂದ ನೋಡಿದರು.

"ಪ್ರಭುಗಳೇ, ದೇವಸ್ಥಾನದಲ್ಲಿ ಮೂಲಮೂರ್ತಿ ಎದ್ದು ಬೀದಿ ಸುತ್ತುತ್ತದೆಯೇ?"

"ಇಲ್ಲ. ಉತ್ಸವಮೂರ್ತಿ ಸುತ್ತುತ್ತೆ."

"ತಾವು ಮೂಲಮೂರ್ತಿಗಳು" ಎಂದು ಓಬಳಯ್ಯನವರು ಪೇಟವನ್ನು ಮೃದುವಾಗಿ ಎತ್ತಿಕೊಂಡರು.

ಪೇಟವನ್ನು ಬೆಳ್ಳಿ ತಟ್ಟೆಯಲ್ಲಿ ಶಾಲಿನ ಮೇಲೆ ಕೂರಿಸಿ, ಮೇಲೆ ಛತ್ರಿ ಹಿಡಿದು, ಮುಂದೆ ತಮಟೆ ಬಡಿಸಿ, "ಪೇಟ ಬಂತು, ದಾರಿ ಬಿಡಿ" ಎಂದು ಕೂಗಿಸುತ್ತ ಮದುವೆ ಮನೆಗೆ ತಂದರು. ಚಪ್ಪರದಲ್ಲಿ ಗುಸುಗುಸು ಎದ್ದಿತು. ಆಗ ಊರಿಗೇ ಹಿರಿಯನಾದ ಮರಿಯಜ್ಜ ಎದ್ದು ಕೋಲು ಕುಟ್ಟಿ ಹೇಳಿದ: "ಯಾಕ್ರಲಾ ಗೊಣಗ್ತೀರಿ? ಹಿಂದೆ ರಾಜ್ರು ದಂಡಿಗೆ ಹೋದಾಗ ಅವರ ಕತ್ತಿ ತಂದು ಪಕ್ಕದಾಗಿಟ್ಟು ಹೆಣ್ಣು ಧಾರೆ ಎರೀತಿದ್ರು. ಕತ್ತಿಗೆ ಹೆಣ್ಣು ಕೊಟ್ಟೋರು ನಾವು. ಪೇಟಕ್ಕೆ ಒಂದ್ ಮಣೆ ಕೊಡಾಕಾಗಲ್ವಾ?"

ಮಾತು ಒಪ್ಪಿಗೆಯಾಯಿತು. ಪೇಟವನ್ನು ಮಣೆಯ ಮೇಲಿಟ್ಟರು, ಎಲೆ ಹಾಕಿದರು, ಎಲೆಯಡಿಕೆ ಕೊಟ್ಟರು. ಸಂಜೆ ಊರೆಲ್ಲ ಒಂದೇ ಮಾತು: "ಪೇಟ ಬಂದಿತ್ತು."

ಬರಬರುತ್ತ ಜನಕ್ಕೆ ಪೇಟದ ಗುಣಗಳು ಒಂದೊಂದಾಗಿ ಅರ್ಥವಾದವು. ದ್ಯಾವಣ್ಣ ಬಂದರೆ ನಾಲ್ಕು ಹೋಳಿಗೆ ತಿಂದು, ಎದ್ದು ಎರಡು ಮಾತು ಎಂದು ಶುರುಮಾಡಿ, ಅನ್ನ ಆರುವವರೆಗೆ ಮಾತಾಡುತ್ತಿದ್ದ. ಪೇಟ ತಿನ್ನುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ದ್ಯಾವಣ್ಣ ಸಾವಿನ ಮನೆಯಲ್ಲಿ ಸತ್ತವರ ಹೆಸರು ತಪ್ಪಿ ಬದುಕಿದ್ದವರ ಹೆಸರು ಹಿಡಿದು ಅಳುತ್ತಿದ್ದ. ಪೇಟ ಗಂಭೀರವಾಗಿರುತ್ತಿತ್ತು. ಅರ್ಜಿ ಕೊಟ್ಟರೆ ದ್ಯಾವಣ್ಣ ನೋಡೋಣ ಎನ್ನುತ್ತಿದ್ದ, ಪೇಟ ಅದನ್ನೂ ಅನ್ನುತ್ತಿರಲಿಲ್ಲ. ಜನರಿಗೆ ಆಸೆ ಹುಟ್ಟಿಸಿ ಮೋಸ ಮಾಡುವ ಬುದ್ಧಿ ಅದಕ್ಕಿರಲಿಲ್ಲ. ಪೇಟದ ಓಡಾಟಕ್ಕೆಂದು ಓಬಳಯ್ಯನವರು ಮನೆಗೊಂದು ಕೊಳಗ ಭತ್ತದ ಹಾಜರಿ ಕಾಣಿಕೆ ಗೊತ್ತುಮಾಡಿದರು. ಕಾಣಿಕೆ ಕೊಟ್ಟಮೇಲೆ ಪೇಟದ ಬೆಲೆಯೂ ಏರಿತು. ಪುಕ್ಕಟೆ ಬರುವವನ ಮೇಲೆ ಯಾರಿಗೆ ಗೌರವ?

ದ್ಯಾವಣ್ಣನಿಗೆ ಮೊದಮೊದಲು ಹಾಯೆನಿಸಿತು. ಮನೆಯಲ್ಲಿ ಕೂತು ಹೆಂಡತಿಯ ಕೈಯ ಬಿಸಿ ಮುದ್ದೆ ತಿಂದ. ಮಗಳು ಎಷ್ಟು ಎತ್ತರ ಬೆಳೆದಿದ್ದಾಳೆಂದು ನೋಡಿ ಬೆರಗಾದ. ಆದರೆ ಜನರ ನಡುವೆ ಬೆಳೆದ ಜೀವ, ಹೆಚ್ಚು ದಿನ ತಡೆಯಲಿಲ್ಲ. ಒಂದು ದಿನ ಪಕ್ಕದ ಹಳ್ಳಿಯಲ್ಲಿ ಸಾವಾಯಿತೆಂದು ಕೇಳಿ, ಪೇಟ ಬೇರೆಲ್ಲೋ ಪ್ರವಾಸದಲ್ಲಿದ್ದುದರಿಂದ, ಬರಿತಲೆಯಲ್ಲೇ ಹೋದ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, "ಶಾಮಿಯಾನದೋರಾ? ಹಿಂದುಗಡೆಯಿಂದ ಬನ್ನಿ" ಎಂದಳು.

ಅವನು ಹಿಂದುಗಡೆಯಿಂದಲೇ ಹೋಗಿ ಅತ್ತು ಬಂದ. ಯಾರೂ ತಿರುಗಿ ನೋಡಲಿಲ್ಲ. ಮನೆಗೆ ಬಂದು ಅಂದು ಮುದ್ದೆ ಮುಟ್ಟಲಿಲ್ಲ. ಅವನನ್ನು ನೋಡಿ ಕನಿಕರಪಡಬೇಕೋ, ಮಾಡಿದ್ದುಣ್ಣೋ ಮಹರಾಯ ಎನ್ನಬೇಕೋ ಎಂದು ತಿಳಿಯದೆ ಚಿಕ್ಕತಾಯಮ್ಮ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಚುನಾವಣೆ ಮತ್ತೆ ಬಂತು. ದ್ಯಾವಣ್ಣ ನಾಮಪತ್ರ ಹಿಡಿದು ಹೋದರೆ ಚುನಾವಣಾಧಿಕಾರಿ, "ಸೀಮಾಧ್ಯಕ್ಷರು ಬೆಳಿಗ್ಗೆಯೇ ಸಲ್ಲಿಸಿ ಹೋದರು, ಓಬಳಯ್ಯನವರು ಸೂಚಕರು. ತಾವು ಪಕ್ಷೇತರರೋ?" ಎಂದು ವಿಚಾರಿಸಿದ. ಅರಳಿಕಟ್ಟೆಯ ಸಭೆಯಲ್ಲಿ ಒಂದು ಕಡೆ ತಟ್ಟೆಯ ಮೇಲೆ ಪೇಟ ಕೂತಿತ್ತು, ಇನ್ನೊಂದು ಕಡೆ ದ್ಯಾವಣ್ಣ ನಿಂತಿದ್ದ.

"ಮಹಾಜನಗಳೇ, ಆ ಪೇಟದೊಳಗಿದ್ದ ತಲೆ ನಾನೇ" ಎಂದ ಅವನು.

"ತಲೆ ಯಾರಿಗಿಲ್ಲ ಯೋಳಿ" ಎಂದ ನಂಜೇಗೌಡ. "ನಮಗೆಲ್ಲ ಐತೆ. ಪೇಟ ಎಷ್ಟ್ ಜನಕ್ಕೈತೆ?"

ದ್ಯಾವಣ್ಣ ಕೊನೆಯ ಅಸ್ತ್ರ ಬಿಟ್ಟ. "ಈ ಸಲ ಗೆಲ್ಸಿ. ಹಿರೀಕೆರೆ ತೂಬು ನಾನೇ ಮುಂದೆ ನಿಂತು ರಿಪೇರಿ ಮಾಡಿಸ್ತೀನಿ. ಕೆರೆ ಬರಿದಾಗ್ತಾ ಐತೆ, ನೀವೂ ನೋಡ್ತಾ ಇದೀರಿ."

ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮರಿಯಜ್ಜ ಕಣ್ಣೊರೆಸಿಕೊಂಡು, "ಇಷ್ಟು ವರ್ಸದಾಗೆ ಪೇಟ ಒಂದಿನಾನೂ ಇಂಥ ಸುಳ್ ಯೋಳ್ಲಿಲ್ಲ ಕಣಪ್ಪ" ಎಂದ. ಗುಂಪಿನ ಹಿಂದೆ ಕರಿಗಿರಿಯಪ್ಪ ಒಬ್ಬನೇ ನಗದೆ ನಿಂತಿದ್ದ. ಕೈಗಳು ಎದ್ದವು. ಪೇಟ ಗೆದ್ದಿತು. ದ್ಯಾವಣ್ಣನ ಪರವಾಗಿ ಎದ್ದದ್ದು ಕರಿಗಿರಿಯಪ್ಪನ ಕೈ ಮಾತ್ರ. ಎರಡನೆಯ ಸಲ ಸೋಲುವುದು ಹೇಗಿರುತ್ತದೆಂದು ಅವನಿಗೆ ಕುತೂಹಲವಿತ್ತೋ ಏನೋ.

ದ್ಯಾವಣ್ಣ ಮತ್ತೆ ಗೂಟ, ಹಗ್ಗ, ಏಣಿ ಎಂದು ತನ್ನ ಕಸುಬಿಗೆ ಮರಳಿದ. ಅವನಿಗೆ ಒಂದು ಸಮಾಧಾನವಿತ್ತು. ಚೆಲುವಿಗೆ ಗಂಡು ಗೊತ್ತಾಗಿತ್ತು. ಈಗ ಅವನಿಗೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ, ಯಾರೂ ಕರೆಯುತ್ತಿರಲಿಲ್ಲ. ಕೊಟ್ಟ ಮಾತು ನಡೆಸಲು ದೇವರೇ ಚುನಾವಣೆಯಲ್ಲಿ ಸೋಲಿಸಿದನೆಂದು ಹೆಂಡತಿಯ ಹತ್ತಿರ ಹೇಳಿಕೊಂಡ. ಅವಳು ಮದುವೆಯಾದಂದಿನಿಂದ ಮೊದಲ ಸಲ ಅವನ ಮಾತನ್ನು ಒಪ್ಪಿದಳು.

ತನ್ನ ಹತ್ತಿರವಿದ್ದ ಒಳ್ಳೊಳ್ಳೆಯ ಬಟ್ಟೆ ಹುಡುಕಿ ಮನೆಯ ಮುಂದೆ ಚಪ್ಪರ ಹಾಕಿದ. ಹಿರೀಕೆರೆ ಅಷ್ಟರಲ್ಲಿ ತಳ ಕಂಡಿತ್ತು. ಭತ್ತದ ಗದ್ದೆಗಳಲ್ಲಿ ಹುಡುಗರು ಚಿಣ್ಣಿದಾಂಡು ಆಡುತ್ತಿದ್ದರು. ಧಾರೆಗೆ ಕೂಡ ನೀರಿರಲಿಲ್ಲ. ಆಚೆ ಸೀಮೆಗೆ ಹೋಗಿ, ತನ್ನೂರ ತೂಬಿನಿಂದಲೇ ಸೋರಿಹೋಗಿ ಅಲ್ಲಿ ನಿಂತಿದ್ದ ನೀರನ್ನು ಒಂದು ಬಿಂದಿಗೆ ಕೊಂಡು, ಹೆಗಲ ಮೇಲೆ ಹೊತ್ತು ತಂದ. ಒಂದು ಹನಿ ಚೆಲ್ಲಲಿಲ್ಲ.

ಮುಹೂರ್ತಕ್ಕೆ ಮದುಮಕ್ಕಳು ಬಂದು ನಿಂತರು. ದ್ಯಾವಣ್ಣ ಕಳಶ ಎತ್ತಿಕೊಂಡ. ಪುರೋಹಿತರು ಕೆಮ್ಮಿದರು.

"ದ್ಯಾವಣ್ಣ, ಪೇಟ ಇನ್ನೂ ಬಂದಿಲ್ಲ."

"ನಾನು ಬಂದಿದೀನಲ್ಲ ಸ್ವಾಮಿ. ಹುಡುಗಿ ಅಪ್ಪ ನಾನು."

"ಅದು ಸರಿಯೇ. ಆದರೆ ನಿರೂಪ ಇದೆ. ಕಡೇ ಸಾಲು ನೀನೇ ಬರೆಸಿದ್ದಂತೆ."

ಕಳಶ ಕೆಳಗಿಟ್ಟರು. ಬೆಳಗು ಹೋಗಿ ಮಧ್ಯಾಹ್ನವಾಯಿತು. ಹೂವು ಬಾಡಿತು. ಸಾರು ಹಳಸಿತು. ಎಲ್ಲರೂ ಪೇಟ ಬರುವ ದಾರಿಯನ್ನು ನೋಡುತ್ತ ಕೂತರು. ಚೆಲುವಿ ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಅವನು ಒಂದೇ ಕಡೆ ನಿಂತದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಪೇಟ ತಡವಾದದ್ದಕ್ಕೆ ಕಾರಣವಿತ್ತು. ಅಂದು ಅದು ರಾಜಧಾನಿಗೆ ಹೋಗಿತ್ತು. ಒಡ್ಡೋಲಗದಲ್ಲಿ ಸರ್ವಾನುಮತ ಭೂಪಾಲರು ಅದರೊಡನೆ ಬಹಳ ಹೊತ್ತು ಸಮಾಲೋಚನೆ ನಡೆಸಿದರು. ತಾವು ಹೇಳಿದ್ದಕ್ಕೆಲ್ಲ "ಆಗಲಿ" ಎನ್ನುವ ಶ್ರಮವನ್ನೂ ತೆಗೆದುಕೊಳ್ಳದೆ ಒಪ್ಪಿಕೊಳ್ಳುವ ಈ ಜನನಾಯಕನನ್ನು ಕಂಡು ಮಹಾರಾಜರಿಗೆ ತಮ್ಮ ಒಪ್ಪಿಗೆ ಏನೂ ಅಲ್ಲವೆನಿಸಿತು. ಓಬಳಯ್ಯನವರು ಸಮಯವರಿತು, "ಮಹಾಪ್ರಭುಗಳಿಗೂ ವಯಸ್ಸಾಯಿತು. ಕಿರೀಟದ ಭಾರವನ್ನು ಪೇಟದ ಮೇಲೆ ಇಳಿಸಬಹುದಲ್ಲವೇ?" ಎಂದು ಬಿನ್ನವಿಸಿಕೊಂಡರು. ಮಹಾರಾಜರು ಕೊನೆಯ ಸಲ ಆಗಲಿ ಎಂದು, ಕಿರೀಟವನ್ನು ತೆಗೆದು ಪೇಟದ ಮೇಲಿಟ್ಟು, ಮಲಗಲು ಹೋದರು. ಕಿರೀಟ ಅಳತೆ ಮಾಡಿಸಿದಂತೆ ಕೂತಿತು.

ಹೊತ್ತು ಇಳಿಯುವಾಗ ತಮಟೆ ಕೇಳಿಸಿತು. ಪಲ್ಲಕ್ಕಿ ಬಂತು. ಒಳಗೆ ಪೇಟ, ಪೇಟದ ಮೇಲೆ ಕಿರೀಟ. ಜನ ಎದ್ದು ಅಡ್ಡಬಿದ್ದರು. ಓಬಳಯ್ಯನವರು ಪ್ರೋಟೋಕಾಲ್ ಓದಿದರು. ಸೀಮೆಯ ಕಡತದಲ್ಲಿ ವಧು ಸೀಮಾಧ್ಯಕ್ಷರ ಪುತ್ರಿ ಎಂದಿದೆ. ಸೀಮಾಧ್ಯಕ್ಷರು ಈಗ ಪಲ್ಲಕ್ಕಿಯಲ್ಲಿದ್ದಾರೆ. ಆದ್ದರಿಂದ ಕನ್ಯಾದಾನವು ಸನ್ನಿಧಾನದಿಂದಲೇ ನೆರವೇರತಕ್ಕದ್ದು. ಪೇಟಕ್ಕೆ ಕೈಯಿಲ್ಲದ ಕಾರಣ ಕೈಯನ್ನು ತಾವು ಪ್ರಭಾರದಲ್ಲಿ ನೋಡಿಕೊಳ್ಳುವುದಾಗಿ ಅವರು ತಿಳಿಸಿದರು.

"ಓಬಳಯ್ಯ, ನಾನು ಮಗೀಗೆ ಮಾತು ಕೊಟ್ಟಿದೀನಿ" ಎಂದ ದ್ಯಾವಣ್ಣ.

"ಮಾತು ಕೊಟ್ಟಾಗ ತಾವು ಪೇಟದಲ್ಲಿದ್ದಿರಿ" ಎಂದರು ಓಬಳಯ್ಯನವರು, ಹಳೆಯ ವಿಶ್ವಾಸದಿಂದ. "ಅದನ್ನು ಪೇಟವೇ ನಡೆಸಿಕೊಡುತ್ತಿದೆ. ಇಂಥ ಭಾಗ್ಯ ಯಾರಿಗುಂಟು?"

ಅಷ್ಟರಲ್ಲಿ ಬರಗಾಲದ ಬಿಸಿಗಾಳಿ ಎದ್ದು ಚಪ್ಪರದ ಒಂದು ಮೂಲೆ ಹಾರಿತು. ಅದು ಪೇಟದ ಮೇಲೆ ಬಿದ್ದರೆ ರಾಜದ್ರೋಹ. "ಶಾಮಿಯಾನದೋನೆಲ್ಲಿ?" ಎಂದು ಯಾರೋ ಕೂಗಿದರು. ಕಸುಬಿನ ಕೈಯಲ್ಲವೇ, ಮನಸ್ಸಿಗಿಂತ ಮೊದಲು ಓಡಿತು. ದ್ಯಾವಣ್ಣ ಹೋಗಿ ಎರಡೂ ಕೈಯಲ್ಲಿ ಕಂಬ ಅವುಚಿಕೊಂಡು ನಿಂತ. ಅಲ್ಲಿಂದ ನೋಡಿದರೆ ಜನರ ಬೆನ್ನು ಕಾಣುತ್ತಿತ್ತು, ಬೆನ್ನುಗಳ ನಡುವೆ ಓಬಳಯ್ಯನವರ ಮೊಣಕೈ ಕಾಣುತ್ತಿತ್ತು. ತಾನು ಹೊತ್ತು ತಂದ ನೀರು ಮಗಳ ಕೈಯ ಮೇಲೆ ಬೀಳುವ ಸದ್ದು ಕೇಳಿಸಿತು. ಆ ಹೊತ್ತು ಅವನಿಗೆ ಅಳು ಬಂತು. ಮದುವೆ ಮನೆಯಲ್ಲಿ ಅವನು ಅತ್ತದ್ದು ಅದೇ ಮೊದಲು, ಯಾರಿಗಾಗಿ ಅಳುತ್ತಿದ್ದೇನೆಂದು ಗೊತ್ತಿದ್ದು ಅತ್ತದ್ದೂ ಅದೇ ಮೊದಲು.

ಶಾಸ್ತ್ರ ಮುಗಿದ ಮೇಲೆ ಚೆಲುವಿ ಜನರನ್ನು ದಾಟಿ ಕಂಬದ ಹತ್ತಿರ ಬಂದಳು. ಒದ್ದೆ ಕೈಯಿಂದಲೇ ಅವನ ಕಾಲು ಮುಟ್ಟಿದಳು. "ಬಂದಿದ್ಯಲ್ಲಪ್ಪ" ಎಂದಳು, ಅಷ್ಟೇ. ಕಂಬ ಬಿಡುವಂತಿರಲಿಲ್ಲವಾಗಿ ಅವನಿಗೆ ಅವಳ ತಲೆಯ ಮೇಲೆ ಕೈಯಿಡಲಾಗಲಿಲ್ಲ.

ಪಲ್ಲಕ್ಕಿ ಹೊರಡುವ ಮುನ್ನ ಓಬಳಯ್ಯನವರು ಹೊಸ ನಿರೂಪ ಸಾರಿದರು. ಪೇಟವೀಗ ಇಡೀ ರಾಜ್ಯಕ್ಕೆ ಹೋಗಬೇಕಾಗಿರುವುದರಿಂದ ಹಾಜರಿ ಕಾಣಿಕೆ ಇಮ್ಮಡಿ. ಗದ್ದೆ ಒಣಗಿದವರು ಭತ್ತದ ಬದಲು ಪಾತ್ರೆ ಪಡಗ ಕೊಡಬಹುದು. ಜನ ಮನೆಗೆ ಹೋಗಿ ತಾಮ್ರದ ಹಂಡೆಗಳನ್ನು ಹೊತ್ತು ತಂದು ಪಲ್ಲಕ್ಕಿಯ ಹಿಂದಿನ ಗಾಡಿಗೆ ಹಾಕಿದರು. ಕೆರೆಯಲ್ಲಿ ನೀರಿಲ್ಲದ ಮೇಲೆ ಹಂಡೆ ಇಟ್ಟುಕೊಂಡು ಮಾಡುವುದೇನೆಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಗಾಡಿ ತುಂಬಿ ಹೊರಟಿತು. ಹೋಗುವ ದಾರಿಯಲ್ಲಿ ಕರಿಗಿರಿಯಪ್ಪ ಒಬ್ಬನೇ ಒಣಗಿದ ತೂಬಿನೊಳಗಿಂದ ಕೊಳೆತ ಬಟ್ಟೆ ಎಳೆದು ಹಾಕುತ್ತಿದ್ದ. ಮದುವೆಗೆ ಬಂದಿರಲಿಲ್ಲವೆಂದು ಎಲ್ಲರೂ ಅವನಿಗೆ ಛೀಮಾರಿ ಹಾಕಿದರು.

ಮಾರನೆಯ ದಿನ ಮದುವೆಗೆ ಬರಲಾಗದಿದ್ದ ಒಬ್ಬಾಕೆ ಪಕ್ಕದ ಮನೆಯವಳನ್ನು ವಿಚಾರಿಸಿದಳು.

"ಚೆನ್ನಾಗಾಯ್ತೇನವ್ವ?"

"ಭಾಳ ಚೆನ್ನಾಗಾಯ್ತು ಕಣಕ್ಕ. ಪೇಟ ಬಂದಿತ್ತು. ಕಿರೀಟ ಇಟ್ಕೊಂಡೇ ಬಂದಿತ್ತು."

"ಹುಡುಗಿ ಅಪ್ಪ ಬಂದಿದ್ನಾ?"



"ಎಲ್ಲಿ, ನಾ ಕಾಣ್ಲಿಲ್ಲಪ್ಪ" ಎಂದಳು.